ರೊಟ್ಟಿ ನಾಡಿನಿಂದ ಕಡಲೂರಿಗೆ: ಗೋಧಿ ಬಿಟ್ಟವರ ಊಟಕ್ಕೊಂದು ಇತಿಹಾಸ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಚಪಾತಿಯನ್ನ ಲಟ್ಟಿಸ್ತೀವಿ, ಜೋಳದ ರೊಟ್ಟಿಯನ್ನ ಬಡೀತೀವಿ. ಯಾಕೆ? ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಯಾವ ಮನೆಗೆ ಹೋದರೂ ಮುಂಜಾನೆ ಕೇಳೋದು ಆ ಪಟಪಟ ಸದ್ದು. ಆ ಸದ್ದಿನ ಹಿಂದೆ ಒಂದು ರಸಾಯನಶಾಸ್ತ್ರ ಇದೆ, ನಾಲ್ಕು ಸಾವಿರ ವರ್ಷದ ಇತಿಹಾಸ ಇದೆ, ಮತ್ತೆ ಇವತ್ತು ನಮ್ಮ ಮನೆಯ ಒಂದು ಹುಡುಗಿಯ ಆರೋಗ್ಯವೂ ಇದೆ.

ಹುಡುಗಿ ಅಂದರೆ ನನ್ನ ಅಕ್ಕನ ಮಗಳು. ಆಕೆಗೆ ಸೀಲಿಯಾಕ್ ಅನ್ನೋ ಕಾಯಿಲೆ. ಗೋಧಿಯಲ್ಲಿರೋ ಗ್ಲುಟೆನ್ ಅನ್ನೋ ಪ್ರೋಟೀನ್ ಹೊಟ್ಟೆಗೆ ಹೋದರೆ, ಆಕೆಯ ದೇಹ ತನ್ನ ಕರುಳಿನ ಮೇಲೆ ತಾನೇ ದಾಳಿ ಮಾಡುತ್ತೆ. ಮೂರು ವರ್ಷ ಹೊಟ್ಟೆನೋವು, ರಕ್ತ ಕಮ್ಮಿ, ತೂಕ ಏರಲ್ಲ. ಜಂತಿನ ಗುಳಿಗೆ ಆಯ್ತು, ಕಬ್ಬಿಣದ ಗುಳಿಗೆ ಆಯ್ತು, ದೃಷ್ಟಿ ತೆಗೆಯೋದೂ ಆಯ್ತು. ಕೊನೆಗೆ ಒಬ್ಬ ಡಾಕ್ಟರು ರಕ್ತ ಪರೀಕ್ಷೆ, ಕರುಳಿನ ಬಯಾಪ್ಸಿ ಮಾಡಿಸಿ ಹೇಳಿದರು: ಇದಕ್ಕೆ ಗುಳಿಗೆ ಇಲ್ಲ, ಗೋಧಿ ಬಿಡೋದೇ ಔಷಧ. ಈಗ ಆಕೆಗೆ ಮಂಗಳೂರಿನಲ್ಲಿ ಓದಲಿಕ್ಕೆ ಸೀಟು ಸಿಕ್ಕಿದೆ. ಅಕ್ಕನದು ಒಂದೇ ಚಿಂತೆ: "ಅಲ್ಲೆ ಏನ್ ತಿಂತಾಳೋ ತಮ್ಮಾ ಅಕಿ?"

ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಒಂದು ಎಂಟ್ರಿ ತಪ್ಪಾಗಿ ಕಂಡರೆ ಹಿಂದಿನ ಪುಟ ತಿರುವಿ ನೋಡೋದು ನಮಗೆ ಕಲಿಸಿದ್ದಾರೆ. ಅಕ್ಕನ ಪ್ರಶ್ನೆಗೂ ಅದನ್ನೇ ಮಾಡಿದೆ. ಗೋಧಿ ನಮ್ಮ ತಾಟಿಗೆ ಯಾವಾಗ ಬಂತು, ಕರಾವಳಿಯವರ ಎಲೆಗೆ ಯಾವಾಗ ಬಂತು? ಅದು ಗೊತ್ತಾದರೆ ಅದನ್ನ ಎಲ್ಲಿ ತಪ್ಪಿಸಬೇಕು ಅನ್ನೋದೂ ಗೊತ್ತಾಗುತ್ತೆ.

ಅಂಟಿಲ್ಲದ ಹಿಟ್ಟು

ಮೊದಲು ಗ್ಲುಟೆನ್ ಅಂದರೇನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಅಂಟು ಅಂತ ಅರ್ಥ. 18ನೇ ಶತಮಾನದಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಬೆಕಾರಿ ಅನ್ನೋ ವಿದ್ವಾಂಸ ಗೋಧಿ ಹಿಟ್ಟಿನ ಕಣಕವನ್ನ ನೀರಿನಲ್ಲಿ ತೊಳೆದು ತೊಳೆದು ನೋಡಿದ. ಹಿಟ್ಟಿನ ಬಿಳುಪೆಲ್ಲ ಹರಿದುಹೋಗಿ ಕೈಯಲ್ಲಿ ರಬ್ಬರಿನಂಥ ಮುದ್ದೆ ಉಳೀತು. ಅದೇ ಗ್ಲುಟೆನ್. ಹೋಳಿಗೆಗೆ ಕಣಕ ನಾದಿ, ಎಣ್ಣೆ ಸುರಿದು ನೆನೆಯಲಿಕ್ಕೆ ಬಿಟ್ಟು, ಆಮೇಲೆ ಎಳೆದರೆ ಹರಿಯದೆ ಬರುತ್ತಲ್ಲ, ಆ ಎಳೆತ ಇದರದ್ದೇ.

ಜೋಳದಲ್ಲಿ ಈ ಅಂಟಿಲ್ಲ. ಸಜ್ಜೆ, ರಾಗಿ, ನವಣೆ, ಅಕ್ಕಿ, ಗೋವಿನಜೋಳ ಯಾವುದರಲ್ಲೂ ಇಲ್ಲ. ಅದಕ್ಕೇ ಜೋಳದ ಹಿಟ್ಟಿಗೆ ತಣ್ಣೀರು ಹಾಕಿ ಕಲಸಿದರೆ ಒಡೆದುಹೋಗುತ್ತೆ. ನಮ್ಮ ಅಜ್ಜಿಯರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದರು. ನೀರು ಕುದಿಸಿ ಹಿಟ್ಟಿಗೆ ಹಾಕೋದು. ಕುದಿನೀರಿಗೆ ಹಿಟ್ಟಿನ ಪಿಷ್ಟ ಅರ್ಧ ಬೆಂದು ಜಿಗಿ ಬರುತ್ತೆ. ಆಮೇಲೆ ಪರಾತದಲ್ಲಿ ಅಂಗೈಯಿಂದ ಗಸಗಸ ನಾದಿ, ಒಣಹಿಟ್ಟು ಉದುರಿಸಿ, ತಿರುಗಿಸುತ್ತ ತಿರುಗಿಸುತ್ತ ಬಡೀಬೇಕು. ಹಂಚಿಗೆ ಹಾಕಿದ ಮೇಲೆ ಮೇಲುಗಡೆ ಒದ್ದೆ ಅರಿವೆ ಆಡಿಸಬೇಕು. ಹಿಟ್ಟಿನಲ್ಲಿ ಇಲ್ಲದ ಅಂಟನ್ನ ಬಿಸಿನೀರು ಮತ್ತು ಕೈ ಸೇರಿ ತುಂಬಿಕೊಡುತ್ತವೆ. ಬಡಿಯೋದು ಯಾಕೆ ಅನ್ನೋ ಮೊದಲಿನ ಪ್ರಶ್ನೆಗೆ ಉತ್ತರ ಇದೇ.

ಜೋಳ ಮೂಲತಃ ಆಫ್ರಿಕಾದ್ದು. ಈಗಿನ ಪೂರ್ವ ಸುಡಾನ್ ಭಾಗದಲ್ಲಿ ಸುಮಾರು 5,000 ವರ್ಷದ ಹಿಂದೆಯೇ ಅದನ್ನ ಬೆಳೆಸ್ತಿದ್ದರು ಅನ್ನೋದಕ್ಕೆ ಪುರಾವೆ ಸಿಕ್ಕಿದೆ. ಅಲ್ಲಿಂದ ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ಭಾರತಕ್ಕೆ ಬಂತು. ಕೃಷ್ಣಾ, ಘಟಪ್ರಭಾ ನಡುವಿನ ನಮ್ಮ ಎರೆಮಣ್ಣಿಗೆ ಅದು ಎಷ್ಟು ಒಗ್ಗಿತು ಅಂದರೆ, ಹಿಂಗಾರಿ ಜೋಳ ಬಿತ್ತಿದ ಮೇಲೆ ಮಳೆ ಬರದಿದ್ದರೂ ನೆಲದ ತೇವದಲ್ಲೇ ತೆನೆ ಬಿಡುತ್ತೆ. ಸೋಲಾಪುರದ ಹತ್ತಿರದ ಮೋಹೋಳದಲ್ಲಿ ಆರಿಸಿದ ಮಾಲ್ದಂಡಿ ಎಂ 35-1 ತಳಿ ಇವತ್ತಿಗೂ ರೊಟ್ಟಿಗೆ ಮೊದಲ ಆಯ್ಕೆ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ಬೀಳಗಿಯಲ್ಲಿ ಬ್ರಿಟಿಷರು ಆಳಿದರು. ಆಳೋರು ಬೇರೆ ಬೇರೆ ಆದರೂ ತಾಟಿನಲ್ಲಿ ಇದ್ದದ್ದು ಒಂದೇ ರೊಟ್ಟಿ.

ಗೋಧಿ ಬಂದಿದ್ದು ಹಬ್ಬಕ್ಕೆ

ಹಾಗಂತ ಗೋಧಿ ನಮಗೆ ಹೊಸದಲ್ಲ. ಸದಕ, ಖಪ್ಲಿ, ಜವೆಗೋಧಿ ಅಂತ ಕರೆಯೋ ಹಳೇ ತಳಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ಬಹಳ ಕಾಲದಿಂದ ಇದೆ. ಆದರೆ ಅದಕ್ಕೆ ಜಾಗ ಇದ್ದದ್ದು ಹಬ್ಬದ ದಿನ: ಹೋಳಿಗೆ, ಹುಗ್ಗಿ, ಮಾದಲಿ, ಕರಿಗಡುಬು, ಬೇಸಿಗೆಯಲ್ಲಿ ಹೊಸೆದ ಶಾವಿಗೆ. ವರ್ಷದ ಉಳಿದ ದಿನ ಜೋಳವೇ. ಅಂದರೆ ನಮ್ಮ ಪೂರ್ವಿಕರು ಗ್ಲುಟೆನ್ ತಿಂದಿದ್ದಾರೆ, ಆದರೆ ಹಬ್ಬದ ಸೀರೆ ಉಟ್ಟ ಹಾಗೆ, ಅಪರೂಪಕ್ಕೆ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಈಗ ಅಂಗಡಿಗಳಲ್ಲಿ ಖಪ್ಲಿ ಗೋಧಿಯನ್ನ ಸಕ್ಕರೆ ಕಾಯಿಲೆಯವರಿಗೆ ಒಳ್ಳೇದು, ಹೊಟ್ಟೆಗೆ ಹಗುರ ಅಂತ ಮಾರ್ತಾರೆ. ಅದರಲ್ಲೂ ಗ್ಲುಟೆನ್ ಇದೆ. ಸೀಲಿಯಾಕ್ ಇದ್ದವರಿಗೆ ಅದು ಮಾಮೂಲಿ ಗೋಧಿಯಷ್ಟೇ ಅಪಾಯ. ಬಾರ್ಲಿಯೂ ಅಷ್ಟೇ, ಬಾರ್ಲಿ ಮಾಲ್ಟ್ ಸೇರಿಸಿದ ಹಾಲಿನ ಪುಡಿಯೂ ಅಷ್ಟೇ.

ಹಬ್ಬದ ಗೋಧಿ ದಿನದ ಗೋಧಿ ಆದದ್ದು ಸ್ವಾತಂತ್ರ್ಯದ ನಂತರ. 1954ರಲ್ಲಿ ಅಮೆರಿಕ ಪಿಎಲ್-480 ಕಾನೂನು ಮಾಡಿತು, 1956ರಲ್ಲಿ ಭಾರತ ಅದರಡಿ ಒಪ್ಪಂದಕ್ಕೆ ಸಹಿ ಹಾಕಿತು. ಹಡಗಿನಲ್ಲಿ ಬಂದ ಗೋಧಿ ರೇಷನ್ ಅಂಗಡಿಗೆ ಇಳೀತು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಗೋಧಿ ತಂದರು, ಪಂಜಾಬದಲ್ಲಿ ಹಸಿರು ಕ್ರಾಂತಿ ಆಯ್ತು, ಗೋಧಿ ಅಗ್ಗ ಆಯ್ತು. ಇತ್ತ ನಮ್ಮ ಕಡೆ ನೀರಾವರಿ ಬಂದು ಜೋಳದ ಹೊಲಕ್ಕೆ ಕಬ್ಬು ಬಂತು. ಇವತ್ತು ಮುಧೋಳ, ಜಮಖಂಡಿ ಅಂದರೆ ಜನ ಸಕ್ಕರೆ ಕಾರ್ಖಾನೆ ನೆನಪು ಮಾಡ್ಕೋತಾರೆ. ಚಪಾತಿ ಬೇಗ ಆಗುತ್ತೆ, ಮೆತ್ತಗಿರುತ್ತೆ, ಮಕ್ಕಳ ಡಬ್ಬಿಗೆ ಸಲೀಸು. ಮೇಲಾಗಿ ಬೀಗರು ಬಂದರೆ ಚಪಾತಿ ಮಾಡೋದೇ ದೊಡ್ಡಸ್ತನ ಅನ್ನೋ ಭಾವನೆ.

ಕಾಮರ್ಸ್ ವಿದ್ಯಾರ್ಥಿಗೆ ಕುತೂಹಲದ ಒಂದು ಲೆಕ್ಕ ಕೇಳ್ರಿ. 2024-25ರ ಮುಂಗಾರಿಗೆ ಕೇಂದ್ರ ಸರ್ಕಾರ ಮಾಲ್ದಂಡಿ ಜೋಳಕ್ಕೆ ಕೊಟ್ಟ ಬೆಂಬಲ ಬೆಲೆ ಕ್ವಿಂಟಲ್‌ಗೆ 3,421 ರೂಪಾಯಿ. 2025-26ರ ಗೋಧಿಗೆ 2,425 ರೂಪಾಯಿ. ಬಡವರ ಧಾನ್ಯ ಅಂತ ಕರೆಸಿಕೊಂಡ ಜೋಳ ಕಾಗದದ ಮೇಲೆ ಗೋಧಿಗಿಂತ ಸುಮಾರು ಸಾವಿರ ರೂಪಾಯಿ ಮೇಲಿತ್ತು! ಲೆಡ್ಜರ್ ಪೂರ್ತಿ ತಿರುಗಿಬಿಟ್ಟಿದೆ.

ಡಾಕ್ಟರ ಕಣ್ಣಿಗೆ ಯಾಕೆ ಬೀಳಲಿಲ್ಲ?

ಈ ಕಾಯಿಲೆಯನ್ನ ಆಧುನಿಕ ರೀತಿಯಲ್ಲಿ ಮೊದಲು ಸ್ಪಷ್ಟವಾಗಿ ಬರೆದವರು ಲಂಡನ್ನಿನ ಸ್ಯಾಮ್ಯುಯೆಲ್ ಗೀ, 1888ರಲ್ಲಿ. ಗುಣ ಆಗೋದಾದರೆ ಆಹಾರದಿಂದಲೇ ಅಂತ ಅವರಿಗೆ ಹೊಳೆದಿತ್ತು, ಯಾವ ಆಹಾರ ಅನ್ನೋದು ಗೊತ್ತಿರಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟು ಚೇತರಿಸಿಕೊಂಡದ್ದನ್ನ ಕಂಡರು. ಮಕ್ಕಳು ಉಳಿದದ್ದು ಬಾಳೆಹಣ್ಣಿನಿಂದ ಅಂತ ಅವರು ತಿಳಿದರು, ನಿಜಕ್ಕೂ ಉಳಿಸಿದ್ದು ತಾಟಿನಲ್ಲಿ ಬ್ರೆಡ್ ಇಲ್ಲದ್ದು.

ಗಂಟು ಬಿಡಿಸಿದವರು ನೆದರ್ಲೆಂಡ್ಸ್‌ನ ಮಕ್ಕಳ ಡಾಕ್ಟರ್ ವಿಲೆಮ್ ಡಿಕೆ. 1930ರ ದಶಕದಿಂದಲೇ ಅವರಿಗೆ ಗೋಧಿಯ ಮೇಲೆ ಅನುಮಾನ ಇತ್ತು. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ ಆ ದೇಶಕ್ಕೆ ಭೀಕರ ಹಸಿವು ಬಂತು. ಬ್ರೆಡ್ ಸಿಗದೆ ಊರೆಲ್ಲ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳ ಹೊಟ್ಟೆ ಸುಧಾರಿಸಿತು. ಬ್ರೆಡ್ ಮತ್ತೆ ಬಂದಾಗ ಕಾಯಿಲೆಯೂ ಮರಳಿತು. ಇದು ಅವರ ಅನುಮಾನವನ್ನ ಗಟ್ಟಿ ಮಾಡಿತು. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಕೊಟ್ಟ ಪ್ರಬಂಧದಲ್ಲಿ ಅದನ್ನ ದಾಖಲಿಸಿದರು.

ನಮ್ಮ ದೇಶದ ಲೆಕ್ಕ ಇನ್ನೂ ಗಮನಿಸಬೇಕಾದ್ದು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ದೇಶದ ಮೂರು ಭಾಗದ ಜನರನ್ನ ಪರೀಕ್ಷಿಸಿತು. ಉತ್ತರ ಭಾರತದಲ್ಲಿ ಸೀಲಿಯಾಕ್ ಪ್ರಮಾಣ ಶೇ. 1.23, ದಕ್ಷಿಣದಲ್ಲಿ ಶೇ. 0.10. ಅಂದರೆ ಅಲ್ಲಿ ನೂರಕ್ಕೆ ಒಬ್ಬರಿಗಿಂತ ಹೆಚ್ಚು, ಇಲ್ಲಿ ಸಾವಿರಕ್ಕೆ ಒಬ್ಬರು. ಆದರೆ ಈ ಕಾಯಿಲೆಗೆ ಆಸ್ಪದ ಕೊಡೋ ಜೀನ್ ಇದ್ದವರು ಎರಡೂ ಕಡೆ ಹೆಚ್ಚುಕಡಿಮೆ ಸಮ: ಉತ್ತರದಲ್ಲಿ ಶೇ. 38, ದಕ್ಷಿಣದಲ್ಲಿ ಶೇ. 36. ದೊಡ್ಡ ವ್ಯತ್ಯಾಸ ಇದ್ದದ್ದು ತಾಟಿನಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂತಿದ್ದರೆ ದಕ್ಷಿಣದವರು 25 ಗ್ರಾಂ.

ಇದನ್ನ ನಿಧಾನವಾಗಿ ಯೋಚನೆ ಮಾಡ್ರಿ. ನಮ್ಮ ರಕ್ತ ಬೇರೆ ಅಂತ ನಾವು ಬಚಾವಾಗಿಲ್ಲ. ಅನ್ನ, ರೊಟ್ಟಿ ನಮ್ಮನ್ನ ಕಾಯ್ತಾ ಬಂದಿರಬಹುದು ಅನ್ನೋದು ಈ ಅಂಕಿ ಕೊಡೋ ಸೂಚನೆ. ಈಗ ತಾಟು ಬದಲಾಗ್ತಿದೆ, ಜೀನ್ ಹಾಗೇ ಇದೆ. ಸಾವಿರಕ್ಕೆ ಒಬ್ಬರು ಅಂದಾಗ ತಾಲೂಕಿನ ಡಾಕ್ಟರಿಗೆ ಈ ಹೆಸರು ಮೊದಲಿಗೆ ಹೊಳೆಯದಿದ್ದರೆ ಆಶ್ಚರ್ಯ ಇಲ್ಲ. ಮಗುವಿನ ರಕ್ತಹೀನತೆ, ಬೇಧಿ, ಬೆಳವಣಿಗೆ ಕುಂಠಿತ ಆಗೋದು ಯಾವ ಔಷಧಕ್ಕೂ ಬಗ್ಗದಿದ್ದರೆ "ಸೀಲಿಯಾಕ್ ಪರೀಕ್ಷೆ ಮಾಡೋಣೇನ್ರಿ?" ಅಂತ ನಾವೇ ಕೇಳಬೇಕು. ಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ. ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣದೇ ಹೋಗಬಹುದು.

ಕರಾವಳಿಯಲ್ಲಿ ಗೋಧಿ ತಿಂಡಿಯಾಗಿ ಬಂತು

ಈಗ ಘಾಟಿ ಇಳಿಯೋಣ. ಮಂಗಳೂರು, ಉಡುಪಿ ಅಕ್ಕಿಯ ಸೀಮೆ. 16-17ನೇ ಶತಮಾನದಲ್ಲಿ ಪೋರ್ಚುಗೀಸರು ಗೋವಾಕ್ಕೆ ಅಕ್ಕಿ ಒಯ್ಯುತ್ತಿದ್ದದ್ದು ಬಸ್ರೂರು, ಮಂಗಳೂರು ಬಂದರುಗಳಿಂದ. ಅಕ್ಕಿಯಿಂದ ಏನೇನು ಮಾಡಬಹುದೋ ಅಷ್ಟನ್ನೂ ಅಲ್ಲಿನವರು ಮಾಡಿದ್ದಾರೆ: ನೀರ್ ದೋಸೆ, ಪುಂಡಿ, ಮೂಡೆ, ಒತ್ತು ಶ್ಯಾವಿಗೆ, ಪತ್ರೊಡೆ, ಸಣ್ಣ, ಕೋರಿ ರೊಟ್ಟಿ, ಕುಚ್ಚಲಕ್ಕಿ ಗಂಜಿ. ಯಾವುದರಲ್ಲೂ ಮೂಲತಃ ಗೋಧಿ ಇಲ್ಲ.

ಹಾಗಾದರೆ ಗೋಧಿ ಅಲ್ಲಿ ಯಾವ ಬಾಗಿಲಿಂದ ಬಂತು? ಒಂದು, ಉಪವಾಸದ ಬಾಗಿಲು. ಏಕಾದಶಿ, ಶನಿವಾರದ ಒಪ್ಪತ್ತು ಅಂದರೆ ಅನ್ನ ಬೇಡ ಅನ್ನೋ ಮನೆಗಳಲ್ಲಿ ಉಪ್ಪಿಟ್ಟು, ಗೋಧಿ ದೋಸೆ ಫಲಾಹಾರ ಆದವು. ಎರಡು, ಯುದ್ಧದ ಬಾಗಿಲು. 1942ರಲ್ಲಿ ರಂಗೂನ್ ಜಪಾನಿನ ಕೈಗೆ ಹೋದಾಗ ಬರ್ಮಾದ ಅಕ್ಕಿ ನಿಂತುಹೋಯ್ತು, ದಕ್ಷಿಣದ ಊರುಗಳಿಗೆಲ್ಲ ಅಕ್ಕಿಯ ಅಭಾವ. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಎಂಟಿಆರ್, ರವೆ ಇಡ್ಲಿ ಹುಟ್ಟಿದ್ದು ಆ ಅಭಾವದಲ್ಲೇ ಅಂತ ಹೇಳಿಕೊಳ್ಳುತ್ತೆ. ಮೂರು, ಹೋಟೆಲಿನ ಬಾಗಿಲು. ಗೋಳಿಬಜೆ, ಬನ್ಸ್, ಪೂರಿ, ಪರೋಟಾ, ಎಲ್ಲ ಮೈದಾ ಇಲ್ಲವೇ ಗೋಧಿ.

ಅಂದರೆ ನಮ್ಮಲ್ಲಿ ಗೋಧಿ ಹಬ್ಬ ಆಗಿ ಬಂತು, ಅಲ್ಲಿ ತಿಂಡಿ ಆಗಿ ಬಂತು. ನನ್ನ ಮಟ್ಟಿಗೆ ಇಡೀ ಸಂಚಿಕೆಯ ಕೀಲಿಕೈ ಇದು. ಗೋಧಿ ಬಿಟ್ಟವರು ನಮ್ಮ ಕಡೆ ದಿನದ ಊಟದಲ್ಲಿ ನಿರಾಳ, ಮದುವೆ-ಹಬ್ಬದಲ್ಲಿ ಹುಷಾರಾಗಿರಬೇಕು. ಕರಾವಳಿಯಲ್ಲಿ ಊಟದ ಹೊತ್ತಿಗೆ ನಿರಾಳ, ಸಂಜೆ ನಾಲ್ಕು ಗಂಟೆಯ ಚಹಾ ಹೊತ್ತಿಗೆ ಹುಷಾರು.

ಒಂದೇ ಹೆಸರು, ಬೇರೆ ಕಾಳು

ಇನ್ನೊಂದು ಮೋಸ ಭಾಷೆಯಲ್ಲೇ ಇದೆ. ಶಾವಿಗೆ ಅಂದರೆ ನಮಗೆ ಗೋಧಿಯದು, ಅವರ ಒತ್ತು ಶ್ಯಾವಿಗೆ ಅಕ್ಕಿಯದು. ಕಡುಬು ಅಂದರೆ ನಮಗೆ ಕಣಕದೊಳಗೆ ಹೂರಣ, ಅವರಿಗೆ ಹಲಸಿನೆಲೆಯಲ್ಲಿ ಬೆಂದ ಅಕ್ಕಿ ಹಿಟ್ಟು. ಹುಗ್ಗಿ ಅಂದರೆ ನಮಗೆ ಗೋಧಿ, ಮೈಸೂರು ಕಡೆ ಅಕ್ಕಿ-ಹೆಸರುಬೇಳೆ. ಇಡ್ಲಿ ರವೆ ಅಕ್ಕಿಯದು, ಉಪ್ಪಿಟ್ಟಿನ ರವೆ ಗೋಧಿಯದು, ರವೆ ಇಡ್ಲಿಯ ರವೆಯೂ ಗೋಧಿಯದೇ. ಕನ್ನಡ ಒಂದೇ ಆದರೂ ಪಾತ್ರೆಯೊಳಗಿನ ಕಾಳು ಬೇರೆ. ಹೆಸರು ಕೇಳಿ ಹೆದರಬಾರದು, ಹೆಸರು ಕೇಳಿ ನಂಬಲೂಬಾರದು.

ನಮ್ಮ ಹುಡುಗಿ ಇದನ್ನೆಲ್ಲ ಕೇಳಿ ನಕ್ಕಳು. "ಮಾಮಾ, ಅಲ್ಲೆ ರೊಟ್ಟಿನ ಕೋಳಿ ಸಾರಿನ್ಯಾಗ ಮುರದು ಹಾಕ್ತಾರಂತ ಹೌದಾ?" ಹೌದು. ಕೋರಿ ರೊಟ್ಟಿ ಅಂದರೆ ಅದೇ. ನಮ್ಮ ಮನೆಯಲ್ಲಿ ಕೋಳಿ ನಡೆಯೋದಿಲ್ಲ, ಆದರೆ ಆ ಗರಿಗರಿ ಅಕ್ಕಿ ರೊಟ್ಟಿಯನ್ನ ಕಡಲೆ ಗಸಿಯ ಜೊತೆಗೂ ತಿನ್ನಬಹುದು. ನಮ್ಮ ಖಡಕ್ ರೊಟ್ಟಿ, ಅವರ ಕೋರಿ ರೊಟ್ಟಿ ಎರಡನ್ನೂ ಪಕ್ಕದಲ್ಲಿಟ್ಟು ನೋಡ್ರಿ. ಎರಡೂ ತೆಳ್ಳಗೆ, ಒಣಗಿದ್ದು, ವಾರಗಟ್ಟಲೆ ಕೆಡದ್ದು, ಎರಡರಲ್ಲೂ ಅಂಟಿಲ್ಲ. ಎರೆಮಣ್ಣಿನವರೂ ಗದ್ದೆಯವರೂ ಬೇರೆ ಬೇರೆ ಕಾಳಿನಿಂದ ಒಂದೇ ಉತ್ತರಕ್ಕೆ ಬಂದಿದ್ದಾರೆ.

ಹಾಗಾದರೆ ಹೋಟೆಲಿನಲ್ಲಿ ಏನು ಕೇಳಬೇಕು?

"ಗ್ಲುಟೆನ್ ಇಲ್ಲದ್ದು ಏನಿದೆ?" ಅಂತ ಕೇಳಿದರೆ ಸಪ್ಲೈಯರ್ ಮುಖ ನೋಡ್ತಾನೆ. ಅದರ ಬದಲು ಮೂರು ಪದ ಸಾಕು: ಇದರಲ್ಲಿ ಗೋಧಿ ಇದೆಯಾ, ಮೈದಾ ಇದೆಯಾ, ರವೆ ಇದೆಯಾ? ಈ ಮೂರು ಎಲ್ಲ ಅಡುಗೆ ಭಟ್ಟರಿಗೂ ಅರ್ಥ ಆಗುತ್ತೆ.

ಕಣ್ಣಿಗೆ ಕಾಣದ ಜಾಗಗಳೂ ಇವೆ. ಮೊದಲನೆಯದು ಇಂಗು. ಶುದ್ಧ ಇಂಗು ಬಹಳ ಘಾಟು, ಹಾಗಾಗಿ ಡಬ್ಬಿಯಲ್ಲಿ ಬರೋ ಇಂಗಿಗೆ ಅಂಟು ಮತ್ತು ಹಿಟ್ಟು ಬೆರೆಸಿರ್ತಾರೆ. ಆ ಹಿಟ್ಟು ಬಹಳ ಸಲ ಮೈದಾ. ಸಾಂಬಾರು, ಸಾರು, ಮಜ್ಜಿಗೆ ಎಲ್ಲದರಲ್ಲೂ ಅದು ಬೀಳುತ್ತೆ. ಎರಡನೆಯದು ಮೀನು ತಿನ್ನೋರಿಗೆ: ರವಾ ಫ್ರೈ ಅಂದರೆ ಮೀನಿಗೆ ಗೋಧಿ ರವೆಯ ಹೊದಿಕೆ. ತವಾ ಫ್ರೈ ಸಾಮಾನ್ಯವಾಗಿ ಮಸಾಲೆ ಮಾತ್ರ, ಆದರೂ ಕೇಳಬೇಕು. ಮೂರನೆಯದು ಗೋಬಿ ಮಂಚೂರಿ: ಮೈದಾ ಒಂದು ಕಡೆ, ಸೋಯಾ ಸಾಸ್‌ನಲ್ಲಿ ಗೋಧಿ ಇನ್ನೊಂದು ಕಡೆ. ನಾಲ್ಕನೆಯದು ಎಣ್ಣೆ: ಗೋಳಿಬಜೆ ಕರಿದ ಬಾಣಲೆಯಲ್ಲೇ ಉದ್ದಿನ ವಡೆ ಕರಿದರೆ ಆ ವಡೆ ಸುರಕ್ಷಿತ ಅಲ್ಲ. ನೀರ್ ದೋಸೆಯ ಕಾವಲಿಯಲ್ಲಿ ಪರೋಟಾ ಬೇಯಿಸಿದರೂ ಅದೇ ಕಥೆ.

ಇಷ್ಟು ಸಣ್ಣದಕ್ಕೂ ತೊಂದರೆನಾ ಅಂತೀರಾ? ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಗ್ಲುಟೆನ್ ರಹಿತ ಅಂತ ಬರೀಬೇಕಾದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು. ಚಿಟಿಕೆ ಹಿಟ್ಟೂ ಲೆಕ್ಕಕ್ಕೆ ಬರುತ್ತೆ ಅಂತ ಅರ್ಥ.

ಹಾಗೆ ನೋಡಿದರೆ ನಮ್ಮೂರೂ ಪೂರ್ತಿ ಸುರಕ್ಷಿತ ಅಲ್ಲ. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿದರೆ ಮೊದಲ ಹಿಟ್ಟಿನಲ್ಲಿ ಗೋಧಿ ಇದ್ದೇ ಇರುತ್ತೆ. ಖಾನಾವಳಿಯಲ್ಲಿ ರೊಟ್ಟಿಗೂ ಚಪಾತಿಗೂ ಒಂದೇ ಹಂಚು, ಒಂದೇ ಒಣಹಿಟ್ಟು ಇರಬಹುದು. ಅಕ್ಕ ಈಗ ಮನೆಗೊಂದು ಸಣ್ಣ ಗಿರಣಿ ತಂದಿದ್ದಾಳೆ, ಅದಕ್ಕೆ ಜೋಳ, ಅಕ್ಕಿ ಬಿಟ್ಟು ಬೇರೇನೂ ಹಾಕೋದಿಲ್ಲ. ಹುಡುಗಿಯ ಜೊತೆ ಹೋಗೋದು ಎರಡು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮತ್ತೆ ಹಾಸ್ಟೆಲ್ ಅಡುಗೆಮನೆಗೆ ಕೊಡಲಿಕ್ಕೆ ಕನ್ನಡದಲ್ಲಿ ಬರೆದ ಒಂದು ಚೀಟಿ. ಕುಚ್ಚಲಕ್ಕಿ ಅನ್ನ, ಮೊಸರು, ಪಲ್ಯ ಅಲ್ಲೇ ಸಿಗುತ್ತೆ.

ನನ್ನ ಕಾಳಜಿ ಮುಂದಿನ ಇಪ್ಪತ್ತು ವರ್ಷದ್ದು. 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿತು. ಪಟ್ಟಣದ ಅಂಗಡಿಗಳಲ್ಲಿ ಜೋಳದ ಹಿಟ್ಟು ಚಂದದ ಪಾಕೀಟಿನಲ್ಲಿ ಬಂತು. ಅದೇ ಹೊತ್ತಿಗೆ ನಮ್ಮ ಓಣಿಗಳಲ್ಲಿ ರೊಟ್ಟಿ ಬಡಿಯೋಕೆ ಬರೋ ಕೈಗಳು ಕಮ್ಮಿ ಆಗ್ತಿವೆ. ಪಾಕೀಟನ್ನ ದುಡ್ಡು ಕೊಟ್ಟು ತರಬಹುದು, ಆ ಕೈಯನ್ನ ತರಲಿಕ್ಕೆ ಆಗಲ್ಲ. ಅದಕ್ಕೇ ಒಂದು ಕೆಲಸ ಹೇಳ್ತೀನಿ, ಹುಡುಗರಿಗೂ ಸೇರಿಸಿ: ಈ ಭಾನುವಾರ ಮನೆಯ ಹಿರಿಯರ ಪಕ್ಕ ಕೂತು ಕುದಿನೀರಿನ ರೊಟ್ಟಿ ಬಡಿಯೋದು ಕಲೀರಿ. ಮೊದಲ ನಾಲ್ಕು ಹರಿಯುತ್ತವೆ, ಹರಿದರೆ ಹರೀಲಿ, ಸಾರಿನಲ್ಲಿ ಮುರಿದು ತಿನ್ನಲಿಕ್ಕೆ ಬಂದೇ ಬರುತ್ತೆ.

ನಿಮ್ಮ ಮನೆಯಲ್ಲಿ ಗೋಧಿ ಬಿಟ್ಟವರು ಇದ್ದರೆ, ಪ್ರಯಾಣದಲ್ಲಿ ಅವರಿಗೆ ಏನು ಬುತ್ತಿ ಕಟ್ತೀರಿ ಅಂತ ಬರೆದು ತಿಳಿಸ್ರಿ. ಮುಂದಿನ ವಾರ ಮತ್ತೆ ಸಿಗೋಣ.